ಎರಡು ಪಟ್ಟಿ, ನಡುವೆ ಒಂದು ಗೆರೆ

ಚೀನಾದಲ್ಲಿ ಬೆಳಗಿನ ತಿಂಡಿಗೆ ಯೋತಿಯಾವ್ ಎಂಬ ಉದ್ದನೆಯ ಹಿಟ್ಟಿನ ಕೋಲು ಕರಿಯುವವರ ಮುಂದೆ ನಿಂತರೆ ಬಾಣಲೆಗಿಂತ ಮೊದಲು ಅವರ ಕೈ ನೋಡಬೇಕು. ನಾದಿ ನೆನೆಯಲು ಬಿಟ್ಟ ಮೆತ್ತನೆಯ ಗೋಧಿ ಹಿಟ್ಟನ್ನು ತಟ್ಟಿ, ಸಣ್ಣ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಒಂದರ ಮೇಲೊಂದರಂತೆ ಎರಡು ಪಟ್ಟಿ ಇಟ್ಟು, ಚಾಪ್‌ಸ್ಟಿಕ್ಕನ್ನು ಉದ್ದಕ್ಕೆ ಮಲಗಿಸಿ ನಟ್ಟನಡುವೆ ಒತ್ತುತ್ತಾರೆ. ಆಮೇಲೆ ಎರಡೂ ತುದಿ ಹಿಡಿದು ಎಳೆದು ಎಣ್ಣೆಗೆ ಬಿಟ್ಟರೆ, ಬೆರಳಿನಷ್ಟಿದ್ದದ್ದು ನೋಡನೋಡುತ್ತಿದ್ದಂತೆ ಮಣಿಕಟ್ಟಿನ ಗಾತ್ರಕ್ಕೆ ಉಬ್ಬುತ್ತದೆ.

ಒಂದೇ ಪಟ್ಟಿ ಯಾಕೆ ಸಾಲದು? ಪೂರಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪೂರಿ ತೆಳುವು, ಮೇಲ್ಪದರ ಬಿಗಿದುಕೊಂಡರೆ ಹಬೆ ಒಳಗೇ ಸಿಕ್ಕಿ ಬುರುಬುರು ಊದುತ್ತದೆ. ದಪ್ಪ ಹಿಟ್ಟಿಗಾದರೆ ಆ ಸಿಪ್ಪೆಯೇ ಬೇಡಿ. ಕಾದ ಎಣ್ಣೆಗೆ ಬಿದ್ದ ಕೂಡಲೇ ಸುತ್ತಲೂ ಗಟ್ಟಿಯಾಗಿ, ಒಳಗಿನ ಹಿಟ್ಟು ಹಿಗ್ಗಲು ಜಾಗವೇ ಉಳಿಯುವುದಿಲ್ಲ. ಜೋಡಿ ಪಟ್ಟಿಯಲ್ಲಿ ಎರಡೂ ಕೂಡುವ ಮೈಗೆ ಎಣ್ಣೆ ನೇರವಾಗಿ ತಗುಲದು. ಅಲ್ಲಿ ಹಿಟ್ಟು ಹಸಿಯಾಗಿ, ಮೆದುವಾಗಿ ಉಳಿದು, ಹಬೆಯೂ ಅನಿಲವೂ ಆ ಸಂದಿಯಿಂದ ಎರಡನ್ನೂ ಆಚೀಚೆ ತಳ್ಳುತ್ತಾ ಹೋಗುತ್ತವೆ. ಮೇಲೆ ಗರಿಗರಿ, ಒಳಗೆ ಟೊಳ್ಳು.

ಒತ್ತುವುದರಲ್ಲೇ ಕಸುಬು. ಒತ್ತು ಹಗುರಾದರೆ ಪಟ್ಟಿಗಳು ಬಾಣಲೆಯಲ್ಲಿ ಮುನಿಸಿಕೊಂಡ ಗಂಡ-ಹೆಂಡಿರಂತೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಅಂಚುಗಳೂ ಅಂಟಿಕೊಂಡರೆ ಒಂದೇ ಪಟ್ಟಿಯಾಗಿ ಕೆಡುತ್ತದೆ. ಎಣ್ಣೆ ಸುಮಾರು 190ರಿಂದ 200 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಹಾಕಿದ ಮೇಲೆ ಉದ್ದನೆಯ ಕಡ್ಡಿಯಿಂದ ಉರುಳಿಸುತ್ತಲೇ ಇರಬೇಕು, ಒಂದು ಬದಿ ಮೊದಲೇ ಗಟ್ಟಿಯಾಗಬಾರದಲ್ಲ.

ಊದಿಸುವ ಹಳೆಯ ಮದ್ದು ಉಪ್ಪು, ಕ್ಷಾರ ಮತ್ತು ಪಟಿಕ. ಹೌದು, ಕ್ಷೌರವಾದ ಮೇಲೆ ಕೆನ್ನೆಗೆ ಉಜ್ಜುವ ಅದೇ ಪಟಿಕ! ಕ್ಷಾರದೊಡನೆ ಕೂಡಿ ಅದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆದರೆ ಪಟಿಕದಲ್ಲಿರುವ ಅಲ್ಯೂಮಿನಿಯಂ ತಿಂಡಿಯಲ್ಲೇ ಉಳಿಯುತ್ತದೆ. ಚೀನಾದ ಆಹಾರ ನಿಯಮದ ಪ್ರಕಾರ ಕರಿದ ಹಿಟ್ಟಿನ ತಿಂಡಿಯಲ್ಲಿ ಅದು ಕಿಲೋಗೆ 100 ಮಿಲಿಗ್ರಾಂ ಮೀರಬಾರದು. ಅಲ್ಯೂಮಿನಿಯಂ ಇಲ್ಲದ ಬೇಕಿಂಗ್ ಪೌಡರ್ ಬಳಸುವವರು ಈಗ ಹೆಚ್ಚು. ಮನೆಯಲ್ಲಿ ಮಾಡುವವರಿಗೂ ಅದೇ ಸುಲಭ.

ಜೋಡಿಗೆ ಕತೆಯೂ ಇದೆ. 1142ರಲ್ಲಿ ಸೇನಾನಿ ಯುವೆ ಫೇ ಸುಳ್ಳು ಆರೋಪಕ್ಕೆ ಸಿಕ್ಕಿ ಸತ್ತಾಗ, ಅದಕ್ಕೆ ಕಾರಣನಾದ ಮಂತ್ರಿ ಚಿನ್ ಹುಯಿ ಮತ್ತು ಅವನ ಹೆಂಡತಿಯ ಗೊಂಬೆಗಳನ್ನು ಹಿಟ್ಟಿನಲ್ಲಿ ಮಾಡಿ ಜನ ಎಣ್ಣೆಗೆ ಹಾಕಿದರಂತೆ. ಕ್ಯಾಂಟನೀಸ್ ಮಾತಿನಲ್ಲಿ ಇದರ ಹೆಸರು 'ಎಣ್ಣೆಯಲ್ಲಿ ಕರಿದ ದೆವ್ವ'. ಕತೆ ಚೆಂದ, ಅದನ್ನು ಇತಿಹಾಸವೆಂದು ನಾನು ನಂಬುವುದಿಲ್ಲ. ಜೋಡಿಯ ಕಾರಣ ಬಾಣಲೆಯಲ್ಲೇ ಸಿಗುತ್ತದೆ.

ತಿನ್ನುವುದು ಬಿಸಿಬಿಸಿಯಾಗಿದ್ದಾಗಲೇ, ಸೋಯಾ ಹಾಲಿನಲ್ಲಿ ಅದ್ದಿ ಅಥವಾ ಅಕ್ಕಿ ಗಂಜಿಗೆ ಚೂರು ಮಾಡಿ ಹಾಕಿ. ಶಾಂಘೈನಲ್ಲಿ ಅಂಟಕ್ಕಿಯ ಅನ್ನದೊಳಗೆ ಸುತ್ತಿ ಉಂಡೆ ಕಟ್ಟುತ್ತಾರೆ. ಹಾಂಗ್‌ಕಾಂಗ್‌ನವರು ಹಬೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ತೆಳು ಹಾಳೆಯಲ್ಲಿ ಸುತ್ತಿ, ತುಂಡು ಮಾಡಿ, ಮೇಲೆ ಸೋಯಾ ಸಾಸ್ ಸುರಿಯುತ್ತಾರೆ: ಹೊರಗೆ ಜಾರುವ ಮೆದು, ಒಳಗೆ ಕರುಂ ಎನ್ನುವ ಗರಿ.