ಓದಿನ ಉತ್ಸಾಹ ಬತ್ತದಿರಲಿ

ಜೂನ್ ತಿಂಗಳಲ್ಲಿ ಮಳೆಯ ಜೊತೆಗೇ ನಮ್ಮ ಕಾಸರಗೋಡಿನ ಶಾಲೆಗಳ ಬಾಗಿಲು ತೆರೆಯುತ್ತದೆ. ಹೊಸ ಪುಸ್ತಕಗಳಿಗೆ ಹೊದಿಕೆ ಹಾಕಿ, ಮೊದಲ ಪುಟದಲ್ಲಿ ಅಂದವಾಗಿ ಹೆಸರು ಬರೆದು, ಈ ವರ್ಷ ಚೆನ್ನಾಗಿ ಓದಿಯೇ ತೀರುವೆನೆಂದು ಸಂಕಲ್ಪಿಸದ ವಿದ್ಯಾರ್ಥಿ ವಿರಳ. ಆದರೆ ಓಣಂ ಪರೀಕ್ಷೆಯೂ ರಜೆಯೂ ಮುಗಿಯುವ ಹೊತ್ತಿಗೆ ಆ ಸಂಕಲ್ಪ ಸಡಿಲಗೊಳ್ಳುತ್ತದೆ. ಕ್ರಿಸ್‌ಮಸ್ ಪರೀಕ್ಷೆಯ ಅಂಕಗಳು ಕೈಸೇರಿದಾಗ ಎಷ್ಟೋ ಮಕ್ಕಳ ಬಾಯಿಂದ ‘ಇದು ನನ್ನಿಂದಾಗದು’ ಎಂಬ ಮಾತು ಹೊರಡುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿಗೂ ಮಿಕ್ಕಿ ಕಾಲಾವಕಾಶವಿರುವಾಗಲೇ ಮನಸ್ಸು ಸೋತುಬಿಟ್ಟಿರುತ್ತದೆ. ಹತ್ತನೆಯ ತರಗತಿಯಲ್ಲಿ ಹೀಗೆ ಕೈಚೆಲ್ಲಿದ ಮಗು ಮುಂದೆ ಓದನ್ನೇ ಬಿಟ್ಟುಬಿಡುವ ಅಪಾಯವಿದೆ. ಆದುದರಿಂದ ಹೆತ್ತವರೂ ಅಧ್ಯಾಪಕರೂ ಈ ವಿಚಾರವನ್ನು ಗಂಭೀರವಾಗಿ ಆಲೋಚಿಸಬೇಕಾಗಿದೆ.

ಉತ್ಸಾಹ ಬಂದ ಮೇಲೆ ಓದುತ್ತೇನೆ ಎಂದು ಕಾಯುವುದು ವಿದ್ಯಾರ್ಥಿಗಳಲ್ಲಿ ಕಾಣುವ ಸಾಮಾನ್ಯ ಭ್ರಮೆ. ಯಕ್ಷಗಾನದ ಹೆಜ್ಜೆ ಕಲಿಯಹೊರಟ ಹುಡುಗನನ್ನು ನೋಡಿರಿ. ಮೊದಲ ದಿನಗಳಲ್ಲಿ ಅವನಿಗೆ ಕಾಲುನೋವಲ್ಲದೆ ಬೇರೇನೂ ದಕ್ಕುವುದಿಲ್ಲ. ಒಂದು ತಾಳಕ್ಕೆ ಹೆಜ್ಜೆ ಸರಿಯಾಗಿ ಕೂಡಿಬಂದ ದಿನ ಮಾತ್ರ ಅವನ ಮುಖ ಅರಳುತ್ತದೆ. ಮರುದಿನ ಕರೆಯದೆಯೇ ಬರುತ್ತಾನೆ. ಓದಿನ ಉತ್ಸಾಹವೂ ಇಂತಹ ಸಣ್ಣ ಸಣ್ಣ ಗೆಲುವುಗಳಿಂದಲೇ ಹುಟ್ಟುವಂಥದು. ‘ಇಂದು ಗಣಿತ ಓದುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂದು ಸಂಜೆ ಈ ನಾಲ್ಕು ಲೆಕ್ಕಗಳನ್ನು ಬಿಡಿಸುತ್ತೇನೆ’ ಎಂಬ ಸಂಕಲ್ಪ ಮೇಲು. ನಾಲ್ಕೂ ಮುಗಿದಾಗ ಮನಸ್ಸಿಗೆ ಗೆದ್ದ ಅರಿವಾಗುತ್ತದೆ.

ಮಕ್ಕಳ ಧೈರ್ಯಗೆಡಿಸುವ ಇನ್ನೊಂದು ಸಂಗತಿ ಮರೆವು. ‘ನಿನ್ನೆ ಓದಿದ್ದು ಇಂದು ನೆನಪಿಲ್ಲ, ನಾನು ದಡ್ಡ’ ಎಂದು ಕೊರಗುವವರು ಅನೇಕರು. ಜರ್ಮನಿಯ ವಿದ್ವಾಂಸ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗಗಳನ್ನು ನಡೆಸಿ 1885ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಇಂಥವರು ತಿಳಿಯಬೇಕು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿದಾಗ, ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚೂ, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲೂ ಆತನಿಗೆ ಮರೆತುಹೋಗಿದ್ದವು. ಅರ್ಥವರಿತು ಕಲಿತದ್ದು ಇಷ್ಟು ಬೇಗ ಅಳಿಯದು; ಆದರೂ ಮರೆವು ಎಲ್ಲರಿಗೂ ಸಹಜವೆಂಬುದು ನಿರ್ವಿವಾದ. ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಳ್ಳುವುದೇ ಇದಕ್ಕೆ ಮದ್ದು. ಇಂದು ಕಲಿತದ್ದನ್ನು ನಾಳೆ, ನಾಲ್ಕು ದಿನ ಬಿಟ್ಟು, ಬಳಿಕ ಹತ್ತು ದಿನ ಬಿಟ್ಟು ಮನನ ಮಾಡಿದರೆ ಅದು ಬೇರೂರುತ್ತದೆ.

ಆದರೆ ಮನನವೆಂದರೆ ಪುಸ್ತಕ ತೆರೆದು ಪುನಃ ಓದುವುದೆಂದು ತಿಳಿಯಬಾರದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಬಳಿಕದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ಬಳಿಕ, ಪಾಠವನ್ನು ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದಾದರು. ವಿಶೇಷವೆಂದರೆ, ತಮಗೆ ಚೆನ್ನಾಗಿ ನೆನಪಿರುವುದೆಂಬ ಭರವಸೆ ಹೆಚ್ಚಾಗಿದ್ದುದು ಬರಿದೆ ಓದಿದವರಿಗೇ. ಈ ಹುಸಿ ಭರವಸೆ ಪರೀಕ್ಷೆಯ ಕೊಠಡಿಯಲ್ಲಿ ಕುಸಿದಾಗಲೇ ‘ಎಷ್ಟು ಓದಿದರೂ ಅಷ್ಟೆ’ ಎಂಬ ನಿರಾಶೆ ಮೂಡುವುದು. ಪುಸ್ತಕ ಮುಚ್ಚಿಟ್ಟು, ಕಲಿತದ್ದನ್ನು ತಂಗಿಗೆ ಹೇಳಿಕೊಟ್ಟರೂ ಸಾಕು, ಅದೇ ಉತ್ತಮ ಅಭ್ಯಾಸ.

ಹೆತ್ತವರಲ್ಲಿ ಒಂದು ಮಾತು. ‘ಇಷ್ಟು ಅಂಕ ತೆಗೆದರೆ ಸೈಕಲ್, ಅಷ್ಟು ತೆಗೆದರೆ ಮೊಬೈಲ್’ ಎಂದು ಆಮಿಷ ಒಡ್ಡುವ ರೂಢಿ ಹಳ್ಳಿಗಳಲ್ಲೂ ಬೆಳೆದಿದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದರಲ್ಲಿ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಆಸೆಯನ್ನು ಮುಂಚಿತವಾಗಿ ತೋರಿಸಿ ಚಿತ್ರ ಬರೆಯಿಸಿದರು. ಒಂದೆರಡು ವಾರಗಳ ಬಳಿಕ ನೋಡಿದರೆ, ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುತ್ತಿದ್ದ ಸಮಯ ಉಳಿದ ಮಕ್ಕಳದರ ಸುಮಾರು ಅರ್ಧಕ್ಕೆ ಇಳಿದಿತ್ತು. ಆಟದಂತಿದ್ದ ಕೆಲಸ ಬಹುಮಾನದ ಕೂಲಿಯಾಗಿ ಮಾರ್ಪಟ್ಟಿತ್ತು. ಹಾಗೆಂದು ಮೆಚ್ಚುಗೆಯೇ ಬೇಡವೆಂದಲ್ಲ. ಅಡಿಕೆ ಸುಲಿಯುತ್ತಲೋ ಬೀಡಿ ಕಟ್ಟುತ್ತಲೋ ಕುಳಿತ ತಾಯಿ ‘ಇಂದು ಏನು ಕಲಿತೆ ಮಗಾ, ಹೇಳು ಕೇಳೋಣ’ ಎಂದು ಕಿವಿಗೊಟ್ಟರೆ ಅದಕ್ಕಿಂತ ದೊಡ್ಡ ಬಹುಮಾನ ಬೇರಿಲ್ಲ. ಆ ತಾಯಿಗೆ ಅಕ್ಷರ ತಿಳಿದಿರಲೇಬೇಕೆಂದೂ ಇಲ್ಲ.

ಗಡಿನಾಡಿನ ಮಗುವಿಗೆ ಇವೆಲ್ಲದರ ಮೇಲೆ ಮತ್ತೊಂದು ಭಾರವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ತಲೆಮಾರುಗಳು ಕೇಳುತ್ತ ಬಂದ ಪ್ರಶ್ನೆ ಅದು: ‘ಕನ್ನಡದಲ್ಲಿ ಓದಿ ಏನು ಪ್ರಯೋಜನ?’ ಈ ಪ್ರಶ್ನೆಯನ್ನು ಮನೆಯಲ್ಲಿ ದಿನವೂ ಕೇಳುವ ಮಗುವಿಗೆ ಓದಿನಲ್ಲಿ ಮನಸ್ಸು ನಿಲ್ಲುವುದಾದರೂ ಹೇಗೆ? ಮಲಯಾಳವೂ ಇಂಗ್ಲಿಷೂ ನಮ್ಮ ಮಕ್ಕಳಿಗೆ ಅಗತ್ಯವೇ, ಅದರಲ್ಲಿ ಸಂದೇಹವಿಲ್ಲ. ಆದರೆ ತನ್ನ ನುಡಿಯಲ್ಲಿ ಅರ್ಥವಾದ ವಿಷಯವನ್ನು ಬೇರೆ ನುಡಿಯಲ್ಲಿ ಪುನಃ ಮೊದಲಿನಿಂದ ಕಲಿಯಬೇಕಾಗಿಲ್ಲ. ಪದಗಳನ್ನು ಕಲಿತರೆ ಸಾಕು. ಎಂಟನೆಯ ತರಗತಿಯಿಂದಲೇ ನೋಟುಪುಸ್ತಕದಲ್ಲಿ ಮೂರು ಸಾಲು ಮಾಡಿ, ಕನ್ನಡದ ‘ದ್ಯುತಿಸಂಶ್ಲೇಷಣೆ’ಯ ಪಕ್ಕದಲ್ಲಿ ಮಲಯಾಳದ ‘ಪ್ರಕಾಶಸಂಶ್ಲೇಷಣಂ’, ಇಂಗ್ಲಿಷಿನ ‘ಫೋಟೋಸಿಂಥೆಸಿಸ್’ ಎಂದು ಬರೆದಿಡಲಿ. ದಿನಕ್ಕೆ ಮೂರು ಪದಗಳಂತೆ ಕಲಿತರೂ ಪ್ಲಸ್ ಟು ತರಗತಿಗೆ ಕಾಲಿಡುವಾಗ ಭಯ ಬಹುಮಟ್ಟಿಗೆ ಅಳಿದಿರುತ್ತದೆ.

ಅಂಕವೇ ಓದಿನ ಗುರಿಯಲ್ಲ ಎಂಬುದಕ್ಕೆ ನಿದರ್ಶನ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು (1883–1963) ಮನೆಯ ಸಂಕಟದಿಂದಾಗಿ ಬಿ.ಎ. ಪದವಿಯನ್ನು ಪೂರೈಸದೆಯೇ ಮದರಾಸಿನಿಂದ ಊರಿಗೆ ಮರಳಿದವರು. ಕಾಲೇಜು ನಿಂತಿತು, ಓದು ನಿಲ್ಲಲಿಲ್ಲ. ಮನೆಯಲ್ಲೇ ಕುಳಿತು ಅನೇಕ ಭಾಷೆಗಳನ್ನು ಕಲಿತರು, ಇತಿಹಾಸ ಸಂಶೋಧನೆ ಮಾಡಿದರು, ಕಾವ್ಯ ಬರೆದರು. 1949ರಲ್ಲಿ ಅಂದಿನ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವವನ್ನಿತ್ತಿತು. ಅವರನ್ನು ದಿನವೂ ಪುಸ್ತಕದ ಬಳಿಗೆ ಎಳೆದು ತಂದದ್ದು ತಿಳಿಯಬೇಕೆಂಬ ಹಂಬಲ. ಪರೀಕ್ಷೆಯ ಭಯವಾಗಲಿ ಬಹುಮಾನದ ಆಸೆಯಾಗಲಿ ಅಲ್ಲ.

ಆ ಹಂಬಲವನ್ನು ಮಕ್ಕಳೊಳಗೆ ಯಾರೂ ಹೊರಗಿನಿಂದ ತುಂಬಲಾರರು. ಆದರೆ ಅದು ನಂದದಂತೆ ಕಾಪಾಡಬಲ್ಲೆವು. ವಿದ್ಯಾರ್ಥಿಗಳೇ, ಇಂದು ಸಂಜೆ ಅರ್ಧ ಗಂಟೆ, ಒಂದು ಸಣ್ಣ ಪಾಠ, ಬಳಿಕ ಪುಸ್ತಕ ಮುಚ್ಚಿ ಐದು ವಾಕ್ಯ ಬರೆಯಿರಿ. ನಾಳೆಯೂ ಅಷ್ಟೇ. ಹನಿ ಹನಿ ಕೂಡಿದರೆ ಹಳ್ಳ.