ಟಿಕ್ ಟಿಕ್ ಅಂದರೆ ಎಂಜಿನ್ ಹೋಯಿತೇ?

‘ಟಿಕ್ ಟಿಕ್ ಅಂತದಾ, ಟಕ ಟಕ ಅಂತದಾ, ದಡ್ ದಡ್ ಅಂತದಾ ಸಾರ್?’ ಸದ್ದು ಮಾಡುವ ಕಾರನ್ನು ಗ್ಯಾರೇಜಿಗೆ ಒಯ್ದವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಬಾಯಿಪಾಠ ಮಾಡಿ ಮರೆತದ್ದು ಇಲ್ಲಿ ಜೇಬಿಗೆ ಸಂಬಂಧಿಸಿದ ವಿಷಯವಾಗಿಬಿಡುತ್ತದೆ.

ನನ್ನ ಹಳೆಯ ಕಾರು ಒಂದು ಚಳಿಗಾಲದಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಎನ್ನತೊಡಗಿತು. ಐದು ನಿಮಿಷ ಓಡಿಸಿದರೆ ಸದ್ದು ಮಾಯ. ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ಕಿವಿಗೊಟ್ಟು, ‘ಎಂಜಿನ್ ಇಳಿಸ್ಬೇಕಾಗುತ್ತೆ’ ಎಂದರು. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಮಾತ್ರ ‘ರಾತ್ರಿ ಇಲ್ಲೇ ಬಿಟ್ಟು ಹೋಗಿ, ಬೆಳಗ್ಗೆ ತಣ್ಣಗಿದ್ದಾಗ ನೋಡ್ತೀನಿ’ ಎಂದು ಕಾರನ್ನು ಇರಿಸಿಕೊಂಡರು. ಮರುದಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂಚಿನಲ್ಲಿ ಕಾಡಿಗೆ ಎಳೆದಂತಿದ್ದ ಮಸಿಯ ಗೆರೆ ತೋರಿಸಿದರು, ಹೊಗೆ ಸೋರಿದ ಗುರುತು ಅದು. ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ಸದ್ದು ನಿಂತಿತು. ಮೊದಲನೆಯವರು ಮೋಸಗಾರರೆಂದು ನಾನು ಹೇಳಲಾರೆ. ಅವರು ಸದ್ದು ಎಷ್ಟು ಜೋರಾಗಿದೆ ಎಂದು ನೋಡಿದರು, ಇವರು ಯಾವಾಗ ಬರುತ್ತದೆ ಎಂದು ಕೇಳಿದರು, ಅಷ್ಟೆ. ಎಂಜಿನ್ ಸದ್ದಿನ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಬಹುಪಾಲು ಹುಟ್ಟುವುದು ಈ ‘ಯಾವಾಗ’ ಎಂಬುದನ್ನು ಬಿಟ್ಟಾಗ.

‘ಟಿಕ್ ಟಿಕ್ ಬಂದ್ರೆ ಎಂಜಿನ್ ಕೆಲಸ ಗ್ಯಾರಂಟಿ’

ಖಂಡಿತ ಅಲ್ಲ. ಎಂಜಿನ್ನಿನ ಮೇಲ್ಭಾಗದ ಸದ್ದು ಬೇರೆ, ಕೆಳಭಾಗದ ಸದ್ದು ಬೇರೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದರೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಒಂದೇ ಸುತ್ತು ಬರುತ್ತದೆ. ಐಡಲಿಂಗ್‌ನಲ್ಲಿ ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಕ್ಯಾಮಿಗೂ ವಾಲ್ವಿಗೂ ನಡುವಿನ ಸಡಿಲವಾದ ಒಂದು ಟ್ಯಾಪೆಟ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಏಳಕ್ಕೂ ಕಡಿಮೆ ಸಲ, ಟಿಕ್ ಎನ್ನುತ್ತದೆ. ಹೊಲಿಗೆ ಯಂತ್ರದಂತೆ ತೆಳುವಾದ ಸದ್ದು ಅದು. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದ್ದರೆ ಕೇಳಿಸುವುದು ಟಿಕ್ ಅಲ್ಲ. ಕೆಳಗಿನ ಆಯಿಲ್ ಚೇಂಬರ್ ಕಡೆಯಿಂದ ಬರುವ ದಡ್ ದಡ್ ಅದು. ಆಕ್ಸಿಲರೇಟರ್ ಒತ್ತಿ ಲೋಡ್ ಬಿದ್ದಾಗ ಜೋರಾಗುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದಂತೆ ಇನ್ನೂ ಕೆಡುತ್ತದೆ. ಅನುಭವಿ ಮೆಕ್ಯಾನಿಕ್‌ಗಳು ಒಂದೊಂದೇ ಸಿಲಿಂಡರನ್ನು ಕೆಲಸ ಮಾಡದಂತೆ ನಿಲ್ಲಿಸಿ ನೋಡುವುದು ಇದಕ್ಕೇ. ನಿಲ್ಲಿಸಿದಾಗ ಸದ್ದು ತಗ್ಗಿದರೆ ಆ ಸಿಲಿಂಡರಿನ ಬೇರಿಂಗ್ ಮೇಲೆ ಅನುಮಾನ. ಟ್ಯಾಪೆಟ್ ಸದ್ದು ಇದರಿಂದ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಕೆಲವು ಟಿಕ್ ಟಿಕ್‌ಗಳು ರೋಗವೇ ಅಲ್ಲ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನುಗಳಲ್ಲಿ ರಾತ್ರಿ ಆಯಿಲ್ ಕೆಳಗಿಳಿದಿರುತ್ತದೆ. ಬೆಳಗ್ಗೆ ಅದು ಮತ್ತೆ ತುಂಬುವ ತನಕ ಕೆಲವು ಸೆಕೆಂಡು ಸದ್ದು ಸಹಜ. ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಹೊಸ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಜೆಕ್ಟರುಗಳೂ ಹೈ ಪ್ರೆಶರ್ ಪಂಪೂ ಸದಾ ಕಟಕಟ ಎನ್ನುತ್ತಿರುತ್ತವೆ, ಹೊಸ ಕಾರು ಕೊಂಡವರು ಬೆಚ್ಚಿಬೀಳುವಷ್ಟು. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಕೂಡ ಎಂಜಿನ್ ಬಿಸಿಯಾದ ಮೇಲೆ ಆಗಾಗ ಟಕ್ ಟಕ್ ಎನ್ನುತ್ತದೆ. ಕಾರು ಆಫ್ ಮಾಡಿದ ಮೇಲೆ ಕೆಳಗಿನಿಂದ ಬರುವ ಟಿಣ್ ಟಿಣ್ ಅಂತೂ ಕಾದ ಸೈಲೆನ್ಸರ್ ಪೈಪು ತಣ್ಣಗಾಗಿ ಕುಗ್ಗುವ ಸದ್ದು. ಒಲೆಯಿಂದ ಇಳಿಸಿದ ಕಾವಲಿಯೂ ಹಾಗೇ ಸದ್ದು ಮಾಡುತ್ತದೆ, ಅದಕ್ಕಾಗಿ ಯಾರೂ ಕಾವಲಿಯನ್ನು ರಿಪೇರಿಗೆ ಕೊಡುವುದಿಲ್ಲ.

‘ಟ್ಯಾಪೆಟ್ ಬಿಗಿ ಮಾಡಿದ್ರೆ ಎಂಜಿನ್ ಬೆಣ್ಣೆ ಹಾಗೆ ಓಡುತ್ತೆ’

ಈ ನಂಬಿಕೆ ನನಗೆ ಎಲ್ಲಕ್ಕಿಂತ ಅಪಾಯದ್ದಾಗಿ ಕಾಣುತ್ತದೆ. ಹೈಡ್ರಾಲಿಕ್ ಅಲ್ಲದ ಟ್ಯಾಪೆಟ್‌ಗಳಲ್ಲಿ ಕೂದಲೆಳೆಯಷ್ಟು ಸಂದು ಇರಲೇಬೇಕು. ಫೀಲರ್ ಗೇಜ್ ಇಟ್ಟು ಅಳೆಯುವುದು ಅದನ್ನೇ. ಎಂಜಿನ್ ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಬೇಕಲ್ಲ? ಸದ್ದು ನಿಲ್ಲಲೆಂದು ಸಂದೇ ಇಲ್ಲದಂತೆ ಬಿಗಿ ಮಾಡಿದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಕಾವನ್ನು ಬಹುಪಾಲು ಇಳಿಸಿಕೊಳ್ಳುವುದು ಸೀಟಿಗೆ ತಾಗಿದಾಗಲೇ. ತಾಗದಿದ್ದರೆ ಅಂಚು ಸುಟ್ಟುಹೋಗುತ್ತದೆ, ಅದೂ ಸದ್ದಿಲ್ಲದೆ. ಪೆಟ್ರೋಲ್ ಎಂಜಿನ್ನಿಗೆ ಆಮೇಲೆ ಗ್ಯಾಸ್ ಕಿಟ್ ಹಾಕಿಸಿದವರು ಇದನ್ನು ಹೆಚ್ಚು ಗಮನಿಸಬೇಕು. ಅಂಥವುಗಳಲ್ಲಿ ವಾಲ್ವ್ ಸೀಟ್ ಸವೆದು ವಾಲ್ವ್ ಒಳಸರಿದಂತೆಲ್ಲ ಸಂದು ತಾನಾಗಿಯೇ ಮುಚ್ಚುತ್ತ ಹೋಗಬಹುದು. ಎಂಜಿನ್ ದಿನೇ ದಿನೇ ಮೌನವಾಗುತ್ತಿದೆ ಎಂದು ಖುಷಿಪಡುವಾಗಲೇ ಕಂಪ್ರೆಶನ್ ಬಿದ್ದುಹೋಗಿರುತ್ತದೆ.

‘ದಪ್ಪ ಆಯಿಲ್ ಹಾಕ್ಸಿ, ಸೌಂಡ್ ನಿಲ್ಲುತ್ತೆ’

ನಿಲ್ಲಬಹುದು. ಹಲ್ಲುನೋವಿಗೆ ಲವಂಗ ಇಟ್ಟ ಹಾಗೆ. ಸವೆದ ಭಾಗಗಳ ನಡುವೆ ದಪ್ಪ ಆಯಿಲ್ ಮೆತ್ತೆಯಂತೆ ಕೂತು ಸದ್ದು ಅಡಗಿಸುತ್ತದೆ. ಆದರೆ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಆಯಿಲಿಗೆಂದು ರೂಪಿಸಿದ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ತಣ್ಣಗಿರುವಾಗ ಅದು ಮೇಲಿನ ಟ್ಯಾಪೆಟ್‌ವರೆಗೆ ಏರುವುದು ತಡವಾಗುತ್ತದೆ. ಸವೆತ ಆಗುವುದು ಆ ಹೊತ್ತಿನಲ್ಲೇ. ಕಾರಿನ ಪುಸ್ತಕದಲ್ಲಿ ಬರೆದ ಗ್ರೇಡನ್ನೇ ಹಾಕಿಸಿ. ಯಾರೋ ಹೇಳಿದರೆಂದು ಡಬ್ಬಿಗಟ್ಟಲೆ ಆಡಿಟಿವ್ ಸುರಿಯುವುದಕ್ಕೂ ಇದೇ ಮಾತು.

‘ಆಯಿಲ್ ಲೈಟ್ ಹತ್ತಿಲ್ವಲ್ಲ, ಆಯಿಲ್ ಸರಿ ಇದೆ’

ಡ್ಯಾಶ್‌ಬೋರ್ಡಿನ ಆ ಕೆಂಪು ದೀಪ ತೋರಿಸುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹತ್ತುವ ಹೊತ್ತಿಗೆ ಆಯಿಲ್ ಅಪಾಯದ ಗೆರೆ ದಾಟಿ ಕೆಳಗಿಳಿದಿರಬಹುದು. ಟಿಕ್ ಟಿಕ್ ಶುರುವಾದ ದಿನ ಮಾಡಬೇಕಾದ ಮೊದಲ ಕೆಲಸ ಗ್ಯಾರೇಜಿಗೆ ಫೋನ್ ಮಾಡುವುದಲ್ಲ, ಡಿಪ್‌ಸ್ಟಿಕ್ ಎಳೆದು ನೋಡುವುದು. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷವಾಗಿರಲಿ. ಕಡ್ಡಿಯನ್ನು ಒಮ್ಮೆ ಒರೆಸಿ, ಮತ್ತೆ ಪೂರ್ತಿ ಅದ್ದಿ ತೆಗೆದು ನೋಡಿ. ಬಹಳಷ್ಟು ಟ್ಯಾಪೆಟ್ ಸದ್ದುಗಳ ಕಥೆ ಕಡಿಮೆಯಾದ ಆಯಿಲಿನಲ್ಲೇ ಮುಗಿಯುತ್ತದೆ. ಆಮೇಲೆ ಅದು ಎಲ್ಲಿ ಹೋಯಿತೆಂದು ಹುಡುಕುವುದು ಇನ್ನೊಂದು ಕಥೆ.

‘ಬಾನೆಟ್ ಕಡೆಯಿಂದ ಬರೋದೆಲ್ಲ ಎಂಜಿನ್ ಸೌಂಡೇ’

ಗಾಡಿ ನಿಂತಿರುವಾಗ ಬಾರದೆ ಓಡುವಾಗ ಮಾತ್ರ ಬರುತ್ತದೆಯೇ? ಹಾಗಾದರೆ ಎಂಜಿನ್ನಿನ ತಪ್ಪು ಇರುವ ಸಂಭವ ಕಡಿಮೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಚಕ್ರದ ಬಳಿ ಕಟ ಕಟ ಎಂದರೆ ಆಕ್ಸಲ್ ತುದಿಯ ಸಿವಿ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಚೆಲ್ಲಿರುತ್ತದೆ. ವೇಗಕ್ಕೆ ತಕ್ಕಂತೆ ಟಕ್ ಟಕ್ ಎಂದರೆ ಮೊದಲು ಟೈರಿನ ಕಚ್ಚಿನಲ್ಲಿ ಜಲ್ಲಿಕಲ್ಲು ಸಿಕ್ಕಿದೆಯೇ ನೋಡಿ. ಸೆಲ್ಫ್ ಹೊಡೆಯುವಾಗ ಟಕ ಟಕ ಟಕ ಎಂದು ಎಂಜಿನ್ ತಿರುಗದಿದ್ದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲ.

‘ಸ್ಕ್ಯಾನರ್ ಹಾಕಿದ್ರೆ ಗೊತ್ತಾಗುತ್ತೆ’

ಸ್ಕ್ಯಾನರ್ ಓದುವುದು ಸೆನ್ಸರುಗಳ ಸಂಕೇತ ನೋಡಿ ಕಾರಿನ ಕಂಪ್ಯೂಟರ್ ಬರೆದಿಟ್ಟ ಕೋಡುಗಳನ್ನು. ಸಡಿಲ ಟ್ಯಾಪೆಟ್, ಸೋರುವ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಯಾವ ಕೋಡನ್ನೂ ಬರೆಸದೆ ಇರಬಹುದು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಎಂಜಿನ್ನಿನ ಮೇಲೆ ಒಂದೊಂದು ಕಡೆ ತಾಗಿಸಿ ಕೇಳುವ ಹಳೆಯ ವಿಧಾನ ಇವತ್ತಿಗೂ ಸ್ಕ್ಯಾನರಿಗಿಂತ ಬೇಗ ಜಾಗ ತೋರಿಸುತ್ತದೆ. ಅದನ್ನು ಮೆಕ್ಯಾನಿಕ್‌ಗೇ ಬಿಡಿ. ತಿರುಗುವ ಬೆಲ್ಟು ಮತ್ತು ಫ್ಯಾನಿನ ಹತ್ತಿರ ದುಪಟ್ಟಾ, ಸೆರಗು, ಪಂಚೆಗಳಿಗೆ ಕೆಲಸವಿಲ್ಲ.

‘ಬಿಸಿಯಾದ್ಮೇಲೆ ನಿಂತೋಯ್ತು, ಇನ್ನೇನು ತೊಂದ್ರೆ?’

ನನ್ನ ಕಾರಿನದೂ ಹೀಗೇ ನಿಲ್ಲುತ್ತಿತ್ತು. ಕಾದ ಕಬ್ಬಿಣ ಹಿಗ್ಗಿ ಮ್ಯಾನಿಫೋಲ್ಡಿನಲ್ಲಿ ಹೊಗೆ ಸೋರುವ ಸಂದು ಮುಚ್ಚುತ್ತಿತ್ತು, ತಣ್ಣಗಾದ ಮೇಲೆ ಮತ್ತೆ ತೆರೆದುಕೊಳ್ಳುತ್ತಿತ್ತು. ಹಾಗೆ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾನೆಟ್ ಕೆಳಗೆ ಸೋರಿದ್ದು ಏರ್ ವೆಂಟಿನಿಂದ ಒಳಗೆ ಬರಬಹುದು. ಮುಚ್ಚಿದ ಶೆಡ್ಡಿನಲ್ಲಿ ಅಂಥ ಕಾರನ್ನು ಸ್ಟಾರ್ಟ್ ಮಾಡಿ ಬಿಡಲೇಬಾರದು.

ಗ್ಯಾರೇಜಿಗೆ ಹೋಗುವ ಮುಂಚೆ ಬೆಳಗಿನ ಮೊದಲ ಸ್ಟಾರ್ಟನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ನಿಂತಾಗಲೋ ಓಡುವಾಗಲೋ, ಏರಿನಲ್ಲೋ ಇಳಿಜಾರಿನಲ್ಲೋ ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ದಡ್ ದಡ್ ಸದ್ದಿನ ಜೊತೆ ಕೆಂಪು ಆಯಿಲ್ ದೀಪವೂ ಹತ್ತಿದರೆ ಮಾತ್ರ ಚೀಟಿ ಬರೆಯುತ್ತ ಕೂರಬೇಡಿ. ಗಾಡಿಯನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡಿ ಟೋಯಿಂಗ್ ಗಾಡಿ ಕರೆಸಿ. ಮನೆ ಅಲ್ಲೇ ಎರಡು ಕಿಲೋಮೀಟರ್ ಇದ್ದರೂ ಓಡಿಸಬೇಡಿ.