ಕಂಪನಿ ಸ್ಕೀಮ್‌ನಲ್ಲಿ ಬ್ಯಾಂಕಾಕ್ ಟೂರ್ ಬಂತಾ? ‘ಫ್ರೀ’ ಅನ್ನೋ ಮುಂಚೆ ಇದನ್ನು ಓದಿ

ಸಿಮೆಂಟು, ಪೇಂಟು, ಗೊಬ್ಬರ, ಬಿತ್ತನೆ ಬೀಜ, ಟೈರು, ಪಂಪ್‌ಸೆಟ್ಟು ಮಾರುವ ಡೀಲರ್‌ಗಳಿಗೆ ‘ಟಾರ್ಗೆಟ್ ಮುಟ್ಟಿದರೆ ಫಾರಿನ್ ಟೂರ್’ ಅನ್ನೋ ಸ್ಕೀಮ್ ಹೊಸದೇನಲ್ಲ. ತಾಲೂಕು ಕೇಂದ್ರಗಳ ಅಂಗಡಿಯವರಲ್ಲಿ ಎಷ್ಟೋ ಜನ ಮೊದಲ ಸಲ ವಿಮಾನ ಹತ್ತೋದೇ ಹೀಗೆ. ಬ್ಯಾಂಕಾಕ್–ಪಟ್ಟಾಯ ಅಂತೂ ಇಂಥ ಟೂರ್‌ಗಳ ಮಾಮೂಲಿ ಜಾಗ. ಕೆಲವರಿಗೆ ದುಬೈ, ಮಲೇಷ್ಯಾ, ಸಿಂಗಪುರವೂ ಸಿಗುತ್ತೆ. ಟಿಕೆಟ್, ಹೋಟೆಲ್, ಓಡಾಟ ಎಲ್ಲಾ ಕಂಪನಿಯೇ ನೋಡಿಕೊಳ್ಳುತ್ತೆ ನಿಜ. ಆದರೆ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆ, ಟ್ಯಾಕ್ಸ್ ಯಾರು ಕಟ್ಟಬೇಕು, ಬ್ಯಾಗಿನೊಳಗೆ ಏನಿದೆ ಅನ್ನೋದನ್ನು ಡೀಲರೇ ನೋಡಿಕೊಳ್ಳಬೇಕು. ತಾಪತ್ರಯ ಹುಟ್ಟೋದೂ ಅಲ್ಲೇ.

ಟೂರ್‌ಗೂ ಟ್ಯಾಕ್ಸ್ ಇದೆ

ಸೇಲ್ಸ್ ಆಫೀಸರ್ ಬಾಯಲ್ಲಿ ಇದು ‘ಫ್ರೀ ಟೂರ್’. ಆದಾಯ ತೆರಿಗೆ ಇಲಾಖೆ ಲೆಕ್ಕದಲ್ಲಿ ಇದು ವ್ಯಾಪಾರದಿಂದ ಬಂದ ಲಾಭ. 2022ರ ಜುಲೈ 1ರಿಂದ ಈ ನಿಯಮ ಜಾರಿಯಲ್ಲಿದೆ. ಹಳೆಯ ಕಾಯ್ದೆಯಲ್ಲಿ ಇದಕ್ಕೆ ಸೆಕ್ಷನ್ 194ಆರ್ ಅಂತಿತ್ತು, ಆಡಿಟರ್‌ಗಳು ಈಗಲೂ ಅದೇ ನಂಬರ್ ಹೇಳುತ್ತಾರೆ. ಒಂದು ಕಂಪನಿಯಿಂದ ಒಬ್ಬ ಡೀಲರ್‌ಗೆ ವರ್ಷಕ್ಕೆ ₹20,000 ಮೀರಿ ಇಂಥ ಸವಲತ್ತು ಸಿಕ್ಕರೆ ಅದರ ಮೇಲೆ 10% ಟಿಡಿಎಸ್ ಆಗಬೇಕು. ಟೂರ್ ಅಷ್ಟೇ ಅಲ್ಲ, ಚಿನ್ನದ ನಾಣ್ಯ, ಟಿವಿ, ಮೊಬೈಲ್ ಕೊಟ್ಟರೂ ಇದೇ ಲೆಕ್ಕ. ಡೀಲರ್ ಹೋಗದೆ ಮನೆಯವರನ್ನು ಕಳಿಸಿದರೂ ಆ ಸವಲತ್ತು ಡೀಲರ್ ಹೆಸರಿಗೇ ಬೀಳುತ್ತೆ.

ಉದಾಹರಣೆಗೆ, ಟೂರ್‌ನ ಬೆಲೆ ₹70,000 ಅಂತಿಟ್ಟುಕೊಳ್ಳಿ. ಟಿಡಿಎಸ್ ₹7,000. ವಸ್ತು ರೂಪದ ಸವಲತ್ತಿನಲ್ಲಿ ಹಿಡಿದುಕೊಳ್ಳೋಕೆ ನಗದೇ ಇರಲ್ಲವಲ್ಲ, ಹಾಗಾಗಿ ಕೆಲವು ಕಂಪನಿಗಳು ಟೂರ್‌ಗೆ ಮುಂಚೆ ಆ ತೆರಿಗೆಯನ್ನು ಡೀಲರೇ ಕಟ್ಟಿ ಚಲನ್ ವಿವರ ಕೊಡಲಿ ಅನ್ನುತ್ತವೆ. ಕೆಲವು ತಾವೇ ಕಟ್ಟಿಬಿಡುತ್ತವೆ. ಯಾವುದು ಅಂತ ಒಪ್ಪಿಕೊಳ್ಳೋ ಮುನ್ನವೇ ಕೇಳಿಕೊಳ್ಳಬೇಕು. ‘ಏಳು ಸಾವಿರ ಹೋಯ್ತು, ಮುಗೀತು’ ಅಂದುಕೊಂಡರೂ ತಪ್ಪು. ಆ ₹70,000 ಪೂರ್ತಿ ವರ್ಷದ ವ್ಯಾಪಾರದ ಆದಾಯಕ್ಕೆ ಸೇರುತ್ತೆ. 30% ಸ್ಲ್ಯಾಬ್‌ನಲ್ಲಿ ಇರುವವರಿಗೆ ಒಟ್ಟು ತೆರಿಗೆ ಸುಮಾರು ₹21,000 ಆಗುತ್ತೆ, ಕಟ್ಟಿರೋ ಏಳು ಸಾವಿರ ಅದರಲ್ಲಿ ವಜಾ. ತೆರಿಗೆ ಬರುವಷ್ಟು ಆದಾಯವೇ ಇಲ್ಲದವರು ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ಕಂಪನಿ ಇದನ್ನು ಪ್ಯಾನ್ ನಂಬರ್ ಮೇಲೆ ಇಲಾಖೆಗೆ ತಿಳಿಸಿರುತ್ತೆ, 26ಎಎಸ್‌ನಲ್ಲಿ ಕಾಣಿಸುತ್ತೆ. ರಿಟರ್ನ್ಸ್‌ನಲ್ಲಿ ತೋರಿಸದೆ ಬಿಟ್ಟರೆ ನೋಟಿಸ್ ಬರೋಕೆ ಅಷ್ಟು ಸಾಕು.

ಇದರಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಹೊಸ ಮಾಲಿನ ಬಗ್ಗೆ ತಿಳಿಸೋಕೆ, ಮಾರಾಟದ ತರಬೇತಿ ಕೊಡೋಕೆ ನಡೆಸುವ ಡೀಲರ್ ಸಭೆಯನ್ನು ಇಲಾಖೆ ಸವಲತ್ತು ಅಂತ ನೋಡಲ್ಲ. ಆದರೆ ಟಾರ್ಗೆಟ್ ಮುಟ್ಟಿದವರನ್ನಷ್ಟೇ ಆರಿಸಿ ಕರೆದುಕೊಂಡು ಹೋದರೆ, ಅದಕ್ಕೆ ‘ಕಾನ್ಫರೆನ್ಸ್’ ಅಂತ ಬ್ಯಾನರ್ ಕಟ್ಟಿದ್ದರೂ ಅದು ಸವಲತ್ತೇ. ಬಿಲ್ಲಿನಲ್ಲಿ ಕೊಡುವ ಡಿಸ್ಕೌಂಟ್, ರಿಬೇಟ್‌ಗೆ ಈ ಟಿಡಿಎಸ್ ಅನ್ವಯ ಆಗಲ್ಲ. ಹೀಗಾಗಿ ಟೂರ್ ಬೇಡ, ಅಷ್ಟೇ ಮೊತ್ತ ಡಿಸ್ಕೌಂಟ್ ಕೊಡಿ ಅಂತ ಕೇಳೋದೂ ಒಂದು ದಾರಿ. ಕಂಪನಿ ಒಪ್ಪೋದು ಬಿಡೋದು ಬೇರೆ ಮಾತು.

ಹೆಂಡತಿ, ಮಕ್ಕಳನ್ನು ಸ್ವಂತ ದುಡ್ಡಲ್ಲಿ ಜೊತೆಗೆ ಕರೆದೊಯ್ದರೆ ಟ್ರಾವೆಲ್ಸ್‌ನವರು ಪ್ಯಾಕೇಜ್ ಮೇಲೆ ಟಿಸಿಎಸ್ ಅಂತ ಹಿಡಿಯುತ್ತಾರೆ. ಇದರ ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗಿದೆ. ಇದು ವಾಪಸ್ ಸಿಗೋ ದುಡ್ಡು, ಆದರೆ ಬಿಲ್ಲಿನಲ್ಲಿ ಪ್ಯಾನ್ ನಂಬರ್ ಇದ್ದು, 26ಎಎಸ್‌ನಲ್ಲಿ ಜಮಾ ತೋರಿಸಿದ್ದರೆ ಮಾತ್ರ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಡುವ ಏಜೆಂಟ್ ಹತ್ತಿರ ಅದನ್ನು ಆಮೇಲೆ ಕೇಳೋಕಾಗಲ್ಲ.

ಇನಿಷಿಯಲ್ ತಂದಿಡೋ ಫಜೀತಿ

ಹಳೇ ಮೈಸೂರು ಕಡೆ ಹೆಸರಿಗೆ ಊರು, ತಂದೆ ಹೆಸರಿನ ಇನಿಷಿಯಲ್ ಸೇರಿಸೋದು ರೂಢಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಆಧಾರ್‌ನಲ್ಲಿ ‘ಮಂಜುನಾಥ ಎಚ್.ಎಸ್.’, ಪ್ಯಾನ್‌ನಲ್ಲಿ ಬಿಡಿಸಿದ ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಬರೀ ‘ಮಂಜುನಾಥ’ ಅಂತ ಇದ್ದವರು ಪಾಸ್‌ಪೋರ್ಟ್ ಕಚೇರಿಗೆ ಎರಡು ಮೂರು ಸಲ ಓಡಾಡೋದು ಇದಕ್ಕೇ. ಇಂಗ್ಲಿಷ್‌ನಲ್ಲಿ ಹೆಸರಿನ ಕೊನೆಗೆ ಒಂದು ‘ಎ’ ಅಕ್ಷರ ಒಂದು ದಾಖಲೆಯಲ್ಲಿ ಇದ್ದು, ಇನ್ನೊಂದರಲ್ಲಿ ಇಲ್ಲದಿದ್ದರೂ ತಕರಾರು ಏಳುತ್ತೆ. ಮೊದಲು ಆಧಾರ್, ಪ್ಯಾನ್ ಒಂದೇ ಥರ ಮಾಡಿಸಿ, ಆಮೇಲೆ ಪಾಸ್‌ಪೋರ್ಟಿಗೆ ಹಾಕೋದು ಜಾಣತನ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರೋದರಿಂದ ಈ ಗೋಳು ಸ್ವಲ್ಪ ಕಮ್ಮಿ.

ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಪದದ ಹೆಸರಿಟ್ಟುಕೊಂಡವರು ದುಬೈ ಟೂರ್‌ಗೆ ಹೊರಟಿದ್ದರೆ ಎಚ್ಚರ. ಯುಎಇ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಮೇಲೆ ಪ್ರವೇಶ ಕೊಡಲ್ಲ ಅಂದಿತ್ತು. ಆಮೇಲೆ ಎರಡನೇ ಪುಟದಲ್ಲಿ ತಂದೆ ಅಥವಾ ಮನೆತನದ ಹೆಸರಿದ್ದರೆ ಬಿಡ್ತೀವಿ ಅಂತ ಸಡಿಲ ಮಾಡಿತು. ಹೊಸದಾಗಿ ಮಾಡಿಸೋರು ತಂದೆ ಹೆಸರನ್ನೋ ಊರ ಹೆಸರನ್ನೋ ಸರ್‌ನೇಮ್ ಜಾಗದಲ್ಲಿ ಹಾಕಿಸಿಕೊಂಡರೆ ಈ ರಗಳೆಯೇ ಇರಲ್ಲ.

ಸಾಮಾನ್ಯ 36 ಪುಟದ ಪಾಸ್‌ಪೋರ್ಟಿಗೆ ಸರ್ಕಾರಿ ಶುಲ್ಕ ₹1,500, ತತ್ಕಾಲ್ ಆದರೆ ₹3,500. ಅಂಚೆ ಕಚೇರಿಗಳಲ್ಲೂ ಸೇವಾ ಕೇಂದ್ರಗಳು ಬಂದಿರೋದರಿಂದ ಎಲ್ಲದಕ್ಕೂ ಬೆಂಗಳೂರಿಗೆ ಹೋಗಬೇಕಿಲ್ಲ. ದೇಶದಲ್ಲಿ ಈ ವ್ಯವಸ್ಥೆ 2017ರ ಜನವರಿಯಲ್ಲಿ ಶುರುವಾದ ಮೊದಲ ಎರಡು ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅರ್ಜಿ ಹಾಕುವಾಗ ವೆಬ್‌ಸೈಟಿನ ವಿಳಾಸ ‘ಗವ್ ಡಾಟ್ ಇನ್’ ಅಂತಲೇ ಮುಗಿಯುತ್ತಾ ನೋಡಿ. ಅದೇ ಥರ ಕಾಣೋ ನಕಲಿ ತಾಣಗಳಿಗೆ ದುಡ್ಡು ಕಟ್ಟಿ ಕೂತವರಿದ್ದಾರೆ.

ಈಗಾಗಲೇ ಪಾಸ್‌ಪೋರ್ಟ್ ಇದ್ದವರು ಬೀರುವಿನಿಂದ ತೆಗೆದು ಅವಧಿ ನೋಡಲಿ. ಬಹಳಷ್ಟು ದೇಶಗಳು ಹೋಗುವ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು ಅನ್ನುತ್ತವೆ. ನವೆಂಬರ್‌ನಲ್ಲಿ ಟೂರ್, ಮಾರ್ಚ್‌ನಲ್ಲಿ ಪಾಸ್‌ಪೋರ್ಟ್ ಮುಗಿಯುತ್ತೆ ಅಂದ್ರೆ ಏರ್‌ಪೋರ್ಟ್ ಕೌಂಟರಿನಿಂದಲೇ ವಾಪಸ್ ಕಳಿಸಬಹುದು. ಇನ್ನು ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಅಂತ ಬೀಳುತ್ತೆ. ಅದು ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗೋರಿಗೆ ಮಾತ್ರ ಸಂಬಂಧಿಸಿದ್ದು. ಟೂರ್‌ಗೆ ಅಡ್ಡಿಯಿಲ್ಲ, ಹೆದರಬೇಕಿಲ್ಲ.

ಕೊಬ್ಬರಿ, ಗಸಗಸೆ, ಗುಟ್ಕಾ

ವಿಮಾನದಲ್ಲಿ ಒಣಕೊಬ್ಬರಿ ಬಿಡಲ್ಲ. ಎಣ್ಣೆ ಅಂಶ ಇರೋದರಿಂದ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದು ಅಪಾಯಕಾರಿ ಸಾಮಾನುಗಳ ಪಟ್ಟಿಯಲ್ಲಿದೆ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು, ದೊಡ್ಡ ಸೂಟ್‌ಕೇಸಿನಲ್ಲಿ ಅಲ್ಲ. ಉಪ್ಪಿನಕಾಯಿ ಇದಕ್ಕೆ ತದ್ವಿರುದ್ಧ, ಅದು ದೊಡ್ಡ ಲಗೇಜಿಗೆ ಹೋಗಬೇಕು.

ಗಸಗಸೆ ನಮ್ಮಲ್ಲಿ ಪಾಯಸಕ್ಕೆ ಹಾಕೋ ಸಾಮಾನು. ಯುಎಇ ಮತ್ತು ಸಿಂಗಪುರದಲ್ಲಿ ಅದು ಮಾದಕ ವಸ್ತುವಿನ ಕಾನೂನಿನ ಅಡಿ ನಿಷೇಧ. ದುಬೈಯಲ್ಲಿರೋ ಮಗಳಿಗೆ ಅಂತ ಅಮ್ಮಂದಿರು ಕಟ್ಟಿಕೊಡೋ ಮಸಾಲೆ ಪುಡಿಯಲ್ಲಿ ಗಸಗಸೆ ಇದೆಯಾ ಅಂತಲೂ ಕೇಳಿಕೊಳ್ಳಬೇಕು. ಗುಟ್ಕಾ, ಜಗಿಯೋ ತಂಬಾಕನ್ನು ಸಿಂಗಪುರಕ್ಕೆ ಒಯ್ಯುವಂತಿಲ್ಲ. ಥಾಯ್ಲೆಂಡ್‌ನಲ್ಲಿ ಇ-ಸಿಗರೇಟ್ ನಿಷೇಧ. ಮಾಮೂಲಿ ಸಿಗರೇಟು ಒಬ್ಬರಿಗೆ 200ರ ಮೇಲೆ ಒಯ್ದರೆ ದಂಡ ಜೋರು.

ಬಿಪಿ, ಶುಗರ್ ಮಾತ್ರೆಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿಯೊಂದಿಗೆ ಕೈಬ್ಯಾಗಿನಲ್ಲಿ ಇಟ್ಟುಕೊಳ್ಳಿ. ನಿದ್ರೆ ಮಾತ್ರೆ, ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಬೇರೆ ವಿಷಯ. ಯುಎಇಗೆ ಇಂಥವನ್ನು ಒಯ್ಯೋಕೆ ಮುಂಚೆಯೇ ಅನುಮತಿ ಬೇಕು.

ದುಡ್ಡಿನ ವಿಚಾರ: ಜೇಬಿನಲ್ಲಿ ಭಾರತದ ನೋಟು ₹25,000 ಮೀರಬಾರದು. 2020ರ ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದ್ ಆಗಿರುತ್ತೆ, ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಂಡೇ ಹೊರಡಬೇಕು. ಅಲ್ಲಿ ಸ್ವೈಪ್ ಮಾಡುವಾಗ ಮೆಷಿನ್ ‘ರೂಪಾಯಿಯೋ, ಬಾತೋ’ ಅಂತ ಕೇಳಿದರೆ ಬಾತ್ ಅನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ರೇಟು.

ಥಾಯ್ಲೆಂಡ್ ತಲುಪಿದ ಮೇಲೆ

2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಶುರು ಮಾಡಿತು. ಈ ನಿಯಮ, ಎಷ್ಟು ದಿನ ಇರಬಹುದು ಅನ್ನೋದು ಆಗಾಗ ಬದಲಾಗುತ್ತೆ. ಹೊರಡೋ ಮುನ್ನ ಥಾಯ್ ರಾಯಭಾರ ಕಚೇರಿಯ ತಾಣ ನೋಡಲೇಬೇಕು. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ತಲುಪುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಒಂದು ಪೈಸೆ ಶುಲ್ಕ ಇಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ ತಾಣವಲ್ಲ.

ಸಸ್ಯಾಹಾರಿಗಳಿಗೆ ಅಲ್ಲಿ ‘ವೆಜ್’ ಅಂದರೆ ಸಾಲದು. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕೋದು ಅವರಿಗೆ ನಮ್ಮ ಉಪ್ಪಿದ್ದಂತೆ. ‘ಜೇ’ ಅಂದರೆ ಅರ್ಥ ಆಗುತ್ತೆ. ಅಂಥ ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತೆ. ಬ್ಯಾಂಕಾಕ್‌ನ ಪಾಹುರತ್ ಭಾರತೀಯರ ಪೇಟೆ, ನಮ್ಮ ಊಟ ಅಲ್ಲಿ ಸಿಗುತ್ತೆ. ‘ಇವತ್ತು ಅರಮನೆ ಬಂದ್, ಚಿನ್ನ-ಹರಳಿನ ಅಂಗಡಿ ತೋರಿಸ್ತೀನಿ’ ಅನ್ನೋ ಟುಕ್‌ಟುಕ್‌ನವರ ಮಾತಿಗೆ ಮರುಳಾಗಬೇಡಿ, ಇದು ಅಲ್ಲಿನ ಬಹಳ ಹಳೆಯ ಆಟ. ಪಟ್ಟಾಯ ಬೀಚಿನಲ್ಲಿ ಜೆಟ್‌ಸ್ಕೀ ಹತ್ತೋ ಮುನ್ನ ಅದರ ಸುತ್ತ ವಿಡಿಯೊ ಮಾಡಿಕೊಳ್ಳಿ. ಇಲ್ಲದಿದ್ದರೆ ಹಳೇ ಗೀಚಿಗೆ ಹೊಸ ದಂಡ ಕೇಳುತ್ತಾರೆ. ಪಾಸ್‌ಪೋರ್ಟ್ ಮಾತ್ರ ಯಾರ ಹತ್ತಿರವೂ ಅಡ ಇಡಬಾರದು. ತಕರಾರಾದರೆ ಟೂರಿಸ್ಟ್ ಪೊಲೀಸ್ ನಂಬರ್ 1155. ಅಲ್ಲಿನ ರಾಜಮನೆತನದ ಬಗ್ಗೆ ತಮಾಷೆ ಬೇಡ, ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಬೇಡ. ಅದಕ್ಕೆ ಜೈಲು ಶಿಕ್ಷೆ ಇದೆ.

ಟೂರ್ ಮುಗಿಸಿ ಬಂದವರು ಊರಲ್ಲಿ ‘ವೀಸಾನೇ ಬೇಡ, ಸುಲಭವಾಗಿ ಹೋಗಿಬರಬಹುದು’ ಅಂತ ಹೇಳೋದು ಸಹಜ. ಇದೇ ಸುಲಭದ ದಾರಿಯನ್ನು ಮೋಸದ ಏಜೆಂಟರೂ ಬಳಸುತ್ತಾರೆ. ಬ್ಯಾಂಕಾಕ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಟೂರಿಸ್ಟ್ ಆಗಿ ಕಳಿಸಿ, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಅಡ್ಡೆಗಳಿಗೆ ಮಾರಿದ್ದಾರೆ. 2025ರ ಮಾರ್ಚ್‌ನಲ್ಲಿ ಅಂಥ ಅಡ್ಡೆಗಳಿಂದ ಹೊರಬಂದ 549 ಭಾರತೀಯರನ್ನು ಥಾಯ್ಲೆಂಡ್‌ನ ಮೇ ಸೋಟ್‌ನಿಂದ ವಾಯುಪಡೆ ವಿಮಾನಗಳಲ್ಲಿ ಕರೆತರಬೇಕಾಯಿತು. ವೀಸಾ ಇಲ್ಲದೆ ಹೋದ ಪ್ರವಾಸಿ ಅಲ್ಲಿ ಕೆಲಸ ಮಾಡುವಂತಿಲ್ಲ. ‘ಮೊದಲು ಟೂರಿಸ್ಟ್ ಆಗಿ ಬಾ, ವರ್ಕ್ ಪರ್ಮಿಟ್ ಆಮೇಲೆ’ ಅಂತ ಯಾರಾದರೂ ಮನೆಯ ಹುಡುಗರಿಗೆ ಹೇಳಿದ್ದರೆ, ಆ ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ಕಾನೂನು ಪ್ರಕಾರ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ ₹30,000, ಅದರ ಮೇಲೆ ಜಿಎಸ್‌ಟಿ.